ಆಳ: 10 ಕಿಲೋಮೀಟರ್

ಸಮುದ್ರದಡಿಯ ಭೂಕಂಪಗಳ ಸುದ್ದಿಯಲ್ಲಿ ಒಂದು ಅಂಕಿ ಮತ್ತೆ ಮತ್ತೆ ಕಾಣಿಸುತ್ತದೆ: ಆಳ 10 ಕಿಲೋಮೀಟರ್. ಭೂಮಿಗೆ ಈ ಸಂಖ್ಯೆಯ ಮೇಲೆ ವಿಶೇಷ ಮಮತೆಯೇನೂ ಇಲ್ಲ. ಮಾಹಿತಿ ಸಾಲದೆ ಆಳದ ಲೆಕ್ಕ ಕೂಡಿಬರದಿದ್ದಾಗ ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ 10 ಎಂದು ನಿಗದಿಪಡಿಸಿ ಮುಂದುವರಿಯುತ್ತದೆ. ಹಿಂದೆ 33 ಎಂದು ಬರೆಯುವ ರೂಢಿಯಿತ್ತು. ಅಳೆದ ಆಳವೂ ಹೀಗೆ ನಿಗದಿಯಾದ ಆಳವೂ ಪಟ್ಟಿಯಲ್ಲಿ ಒಂದೇ ಗತ್ತಿನಿಂದ ಕುಳಿತಿರುವುದರಿಂದ ಸುದ್ದಿ ಓದುವವರಿಗೆ ವ್ಯತ್ಯಾಸ ತಿಳಿಯುವುದಿಲ್ಲ.

ದೂರ ತಿಳಿಯುವುದು ಇಷ್ಟು ಕಷ್ಟವಲ್ಲ. ಭೂಕಂಪದಿಂದ ಹೊರಡುವ ಎರಡು ಬಗೆಯ ಅಲೆಗಳಲ್ಲಿ, ಬಂಡೆಯೊಳಗೆ ಪಿ ಅಲೆ ಮುಂದೆ ಓಡುತ್ತದೆ, ಎಸ್ ಅಲೆ ಹಿಂದೆ ಬರುತ್ತದೆ. ಹತ್ತಿರದ ಭೂಕಂಪಗಳಲ್ಲಿ ಇವೆರಡರ ನಡುವಿನ ಪ್ರತಿ ಸೆಕೆಂಡಿಗೆ ಸುಮಾರು 8 ಕಿಲೋಮೀಟರ್ ದೂರ ಎಂದು ಹಿಡಿಯಬಹುದು. ಕಂಪನ ಅಳೆಯುವ ನಾಲ್ಕಾರು ಕೇಂದ್ರಗಳ ದಾಖಲೆ ಕೂಡಿಸಿದರೆ ಸ್ಥಳ ಸಿಗಬೇಕು. ಆದರೆ ಆ ಕೇಂದ್ರಗಳು ಭೂಕಂಪವನ್ನು ಸುತ್ತುವರಿದಿರಬೇಕು. ಸಾಗರದ ವಿಷಯದಲ್ಲಿ ಅವೆಲ್ಲ ದಡದ ಮೇಲೆ, ಒಂದೇ ಮಗ್ಗುಲಲ್ಲಿ ಇರುತ್ತವೆ. ಆಳದ ತೊಡಕು ಬೇರೆ: ದೂರದ ಕೇಂದ್ರಕ್ಕೆ ಹೋಗುವ ಅಲೆ ಮೊದಲು ಕೆಳಮುಖವಾಗಿ ಹೊರಡುತ್ತದೆ. ಹಾಗಾಗಿ ಆಳದಲ್ಲಿ ತುಸು ತಡವಾಗಿ ಆದ ಕಂಪನವೂ ಮೇಲ್ಪದರದಲ್ಲಿ ತುಸು ಮೊದಲೇ ಆದ ಕಂಪನವೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಅಲ್ಲಿಗೆ ತಲುಪುತ್ತವೆ.

ಇದಕ್ಕೊಂದು ಉಪಾಯವಿದೆ. ಮೇಲಕ್ಕೆ ಹೋಗಿ ಸಾಗರತಳಕ್ಕೆ ಬಡಿದು ಮರಳುವ ಅಲೆ ನೇರ ಅಲೆಗಿಂತ ಎಷ್ಟು ತಡವಾಯಿತೆಂದು ನೋಡಿದರೆ ಆಳ ತಿಳಿಯುತ್ತದೆ. ಕೀಟಲೆ ಮಾಡುವುದು ನೀರು. ಅಲೆಯ ಒಂದು ಪಾಲು ತಳವನ್ನು ದಾಟಿ ನೀರಿನೊಳಗೆ ಸಾಗಿ ಸಮುದ್ರದ ಮೇಲ್ಮೈಯಿಂದಲೂ ಪ್ರತಿಫಲಿಸುತ್ತದೆ. ನೀರಿನಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 1.5 ಕಿಲೋಮೀಟರ್ ಮಾತ್ರ. 4 ಕಿಲೋಮೀಟರ್ ನೀರಿದ್ದರೆ ಹೋಗಿಬರಲು 5 ಸೆಕೆಂಡಿಗಿಂತ ಹೆಚ್ಚು ಬೇಕು. ಈ ಪ್ರತಿಧ್ವನಿಯನ್ನೇ ತಳದ ಪ್ರತಿಧ್ವನಿಯೆಂದು ಓದಿಕೊಂಡರೆ ಆಳದ ಲೆಕ್ಕ 15 ಕಿಲೋಮೀಟರಿಗೂ ಮೀರಿ ತಪ್ಪುತ್ತದೆ.

ಹಾಗಾದರೆ ಉಪಕರಣವನ್ನು ತಳಕ್ಕೇ ಇಳಿಸಬೇಕು. ಹಡಗಿನಿಂದ ಬಿಟ್ಟ ಕಂಪನಮಾಪಕ ತಾನಾಗಿ ಮುಳುಗುತ್ತದೆ. ಮುಳುಗುವಾಗ ಪ್ರವಾಹ ಅದನ್ನು ಪಕ್ಕಕ್ಕೆ ಒಯ್ಯುತ್ತದೆ. ಜಿಪಿಎಸ್‌ನ ರೇಡಿಯೊ ಸಂಕೇತ ನೀರಿನೊಳಗೆ ಇಳಿಯದು. ಆದ್ದರಿಂದ ಭೂಕಂಪವನ್ನು ಹುಡುಕಲು ಕಳುಹಿಸಿದ ಉಪಕರಣವನ್ನೇ ಮೊದಲು ಹುಡುಕಬೇಕು: ಹಡಗು ಮೇಲೆ ಸುತ್ತು ಹಾಕುತ್ತ ಶಬ್ದದ ಸಂಕೇತ ಕಳುಹಿಸಿ, ಉತ್ತರ ಬರಲು ಹಿಡಿದ ಸಮಯದಿಂದ ಅದರ ಜಾಗವನ್ನು ಲೆಕ್ಕಹಾಕುತ್ತದೆ. ಗಡಿಯಾರದ್ದು ಇನ್ನೂ ದೊಡ್ಡ ತಲೆನೋವು. ನೆಲದ ಕೇಂದ್ರಗಳು ಉಪಗ್ರಹದಿಂದ ಸಮಯ ಸರಿಪಡಿಸಿಕೊಳ್ಳುತ್ತವೆ. ತಳದ ಗಡಿಯಾರ ತಿಂಗಳುಗಟ್ಟಲೆ ಒಂಟಿಯಾಗಿ ನಡೆಯುತ್ತದೆ. ಇಳಿಸುವ ಮೊದಲೊಮ್ಮೆ, ಮೇಲೆತ್ತಿದ ಮೇಲೊಮ್ಮೆ ಹೋಲಿಸಿ, ನಡುವಿನ ವ್ಯತ್ಯಾಸವನ್ನು ಅಷ್ಟೂ ದಿನಗಳಿಗೆ ಸಮವಾಗಿ ಹಂಚುವುದು ರೂಢಿ. ಗಡಿಯಾರ ಅಷ್ಟು ಶಿಸ್ತಿನಿಂದ ತಪ್ಪುತ್ತದೆ ಎಂದು ನಂಬಲು ಕಾರಣವಿಲ್ಲ. ಪಿ ಅಲೆ ಭೂಚಿಪ್ಪಿನಲ್ಲಿ ಸೆಕೆಂಡಿಗೆ ಸುಮಾರು 6 ಕಿಲೋಮೀಟರ್ ಓಡುವುದರಿಂದ ಅರ್ಧ ಸೆಕೆಂಡಿನ ತಪ್ಪೆಂದರೆ 3 ಕಿಲೋಮೀಟರ್.

ಉಪಕರಣದ ಕೆಳಗಿನ ಮೆತ್ತನೆಯ ಹೂಳೂ ಸುಮ್ಮನಿರುವುದಿಲ್ಲ. ಅದರಲ್ಲಿ ಎಸ್ ಅಲೆ ವಿಪರೀತ ನಿಧಾನವಾಗುತ್ತದೆ. ತಿದ್ದದೆ ಬಿಟ್ಟರೆ ಭೂಕಂಪಗಳೆಲ್ಲ ಇದ್ದುದಕ್ಕಿಂತ ಆಳದಲ್ಲಿವೆಯೆಂದು ತೋರುವುದುಂಟು.

2011ರ ತೊಹೊಕು ಭೂಕಂಪ ಮತ್ತು ಸುನಾಮಿಯ ದುರಂತದ ನಂತರ ಜಪಾನ್ ತನ್ನ ಪೂರ್ವದ ಕಡಲಿನಲ್ಲಿ 150 ವೀಕ್ಷಣಾ ಕೇಂದ್ರಗಳ ಎಸ್-ನೆಟ್ ಜಾಲವನ್ನು ಹಾಸಿತು. 5,000 ಕಿಲೋಮೀಟರಿಗೂ ಉದ್ದದ ಕೇಬಲ್ ವಿದ್ಯುತ್ತನ್ನೂ ಸಮಯವನ್ನೂ ತಳಕ್ಕೆ ಒಯ್ದು, ದಾಖಲೆಯನ್ನು ಆಗಿಂದಾಗಲೇ ದಡಕ್ಕೆ ತರುತ್ತದೆ. ಗಡಿಯಾರದ ಗೋಳು ತಪ್ಪಿತು. ಆದರೆ ನಡುಸಾಗರದ ಸಾವಿರಾರು ಕಿಲೋಮೀಟರ್ ಪರ್ವತಸಾಲುಗಳ ಉದ್ದಕ್ಕೂ ಇಂಥ ಜಾಲ ಹಾಸುವಷ್ಟು ಹಣ ಯಾರ ಬಳಿಯೂ ಇಲ್ಲ.

ಅಲ್ಲಿ, ಇಷ್ಟು ಹೊತ್ತು ಕಾಟ ಕೊಟ್ಟ ನೀರೇ ನೆರವಿಗೆ ಬರುತ್ತದೆ. ಸಾಗರದ ಒಂದು ನಿರ್ದಿಷ್ಟ ಪದರದಲ್ಲಿ ಸಿಕ್ಕಿಕೊಂಡ ಶಬ್ದ ಹೆಚ್ಚು ಕುಗ್ಗದೆ ಸಾವಿರಾರು ಕಿಲೋಮೀಟರ್ ಸಾಗುತ್ತದೆ. ಅದು ನಿಧಾನವಾಗಿರುವುದೂ ಒಳ್ಳೆಯದೇ: ಒಂದು ಸೆಕೆಂಡಿನ ತಪ್ಪಿಗೆ ಒಂದೂವರೆ ಕಿಲೋಮೀಟರ್ ದಂಡವಷ್ಟೇ. ಕಂಪನ ನೀರಿಗೆ ಎಲ್ಲಿ ಹೊಕ್ಕಿತು ಎಂಬುದನ್ನು ಅದು ಹೇಳೀತು, ಆಳವನ್ನು ಹೇಳದು. 1993ರಲ್ಲಿ, ಜಲಾಂತರ್ಗಾಮಿಗಳ ಜಾಡು ಹಿಡಿಯಲು ಅಮೆರಿಕದ ನೌಕಾಪಡೆ ಹಾಕಿದ್ದ, ನೀರೊಳಗಿನ ಶಬ್ದ ಆಲಿಸುವ ಹೈಡ್ರೋಫೋನ್‌ಗಳಲ್ಲಿ ಅಮೆರಿಕದ ವಾಯವ್ಯ ಕರಾವಳಿಯಾಚೆಯ ಹುವಾನ್ ಡಿ ಫುಕಾ ಪರ್ವತಸಾಲಿನ ಸಣ್ಣ ಕಂಪನಗಳ ಸರಮಾಲೆ ಕೇಳಿಸಿತು. ಲೆಕ್ಕಹಾಕಿದ ಜಾಗಕ್ಕೆ ಹೋದ ಸಂಶೋಧಕರಿಗೆ ಸಾಗರತಳದಲ್ಲಿ ಹೊಸ ಲಾವಾ ಸಿಕ್ಕಿತು.