ಗೋದಾಮು ದೊಡ್ಡದಾಯಿತು, ಕೆಲಸ ಯಾವಾಗ?

ಅಗ್ಗದ ದಿನಸಿ ಮಾರುವ ಸರಣಿ ಅಂಗಡಿಯವರು ಗೋದಾಮು ವಿಸ್ತರಿಸುತ್ತಾರೆ ಅಂತ ಸುದ್ದಿ ಬಂದರೆ ಸಾಕು, ನನ್ನ ಫೋನ್ ಬಿಡುವಿಲ್ಲದೆ ಬಡಿದುಕೊಳ್ಳುತ್ತದೆ. ‘ಇಷ್ಟು ನೂರು ಕೆಲಸ ಅಂದಿದ್ದಾರಲ್ಲ, ಯಾವಾಗ ತಗೋತಾರೆ?’ ಗೋದಾಮುಗಳಿಗೆ ಜನ ಹುಡುಕಿಕೊಡುವುದೇ ನನ್ನ ಕಸುಬು. ಆದರೂ ಈ ಒಂದು ಮಾತು ಎಷ್ಟು ಸಲ ಹೇಳಿದರೂ ಸಾಲದು.

ಆ ಸಂಖ್ಯೆ ಸಾಮಾನ್ಯವಾಗಿ ಗೋದಾಮು ಪೂರ್ತಿ ಓಡುವಾಗಿನದು. ಬಾಗಿಲು ತೆರೆದ ದಿನದ್ದಲ್ಲ.

ಯಾಕೆ ಅಂದರೆ, ಒಳಗೆ ಎಷ್ಟು ಜನ ಬೇಕು ಅನ್ನುವುದು ಅಂಗಡಿಗಳಿಂದ ಬರುವ ಆರ್ಡರ್ ಮೇಲೆ ನಿಂತಿದೆ. ಆರ್ಡರ್‌ನ ಸಾಮಾನು ಆರಿಸಿ ತೆಗೆಯುವವನು ಪಿಕರ್; ಕಿವಿಗೆ ಹಾಕಿದ ಹೆಡ್‌ಸೆಟ್ ಹೇಳಿದ ಜಾಗಕ್ಕೆ ಹೋಗಿ ಪೆಟ್ಟಿಗೆ ಎತ್ತುತ್ತಾನೆ. ಅದನ್ನು ಪ್ಯಾಲೆಟ್, ಅಂದರೆ ಸರಕು ಪೇರಿಸುವ ಹಲಗೆಯ ಮೇಲೆ ಜೋಡಿಸುತ್ತಾನೆ: ಭಾರದ ನೀರಿನ ಬಾಟಲಿ ಕೆಳಗೆ, ಚಿಪ್ಸ್ ಮೇಲೆ. ದಿನಕ್ಕೆ ಎಷ್ಟು ಪೆಟ್ಟಿಗೆ ಹೊರಡಬೇಕು, ಒಬ್ಬ ಗಂಟೆಗೆ ಎಷ್ಟು ಎತ್ತುತ್ತಾನೆ, ಇಷ್ಟೇ ಲೆಕ್ಕ. ಹೊಸ ಅಂಗಡಿಗಳು ತೆರೆದಂತೆ ಪೆಟ್ಟಿಗೆ ಜಾಸ್ತಿ, ಆಗ ಜನ ಜಾಸ್ತಿ. ಅದಕ್ಕೆ ವರ್ಷಗಳೇ ಹಿಡಿಯಬಹುದು. ಹಳೇ ಗೋದಾಮಿನ ಅಂಗಡಿಗಳನ್ನೇ ಇಲ್ಲಿಗೆ ವರ್ಗಾಯಿಸಿದರಂತೂ ಅಷ್ಟು ಕೆಲಸ ಜಾಗ ಬದಲಿಸಿತು, ಅಷ್ಟೆ. ಕಟ್ಟಡ ಕಟ್ಟುವವರನ್ನೂ ಕೆಲವರು ಲೆಕ್ಕಕ್ಕೆ ಸೇರಿಸುತ್ತಾರೆ. ಕಟ್ಟಡ ಮುಗಿದರೆ ಅವರು ಹೊರಟರು.

ಇನ್ನೊಂದು ವಿಷಯ. ದೊಡ್ಡ ಸೂಪರ್‌ಮಾರ್ಕೆಟ್‌ನಲ್ಲಿ 30,000 ಬಗೆಯ ಸಾಮಾನು ಇರಬಹುದು. ಅಗ್ಗದ ಸರಣಿಯಲ್ಲಿ ಸುಮಾರು 2,000. ಎಷ್ಟೋ ಸಾಮಾನು ಇಡೀ ಪ್ಯಾಲೆಟ್ ಆಗಿಯೇ ಹೊರಟು ನೇರ ಅಂಗಡಿಯೊಳಗೆ ನಿಲ್ಲುತ್ತದೆ, ಒಂದೊಂದೇ ಪೆಟ್ಟಿಗೆ ಎತ್ತುವ ಕೆಲಸ ಅಷ್ಟು ಕಡಿಮೆ. ಅದಕ್ಕೇ ಕಟ್ಟಡದ ಗಾತ್ರ ನೋಡಿ ಜನರನ್ನು ಅಂದಾಜು ಮಾಡಿದರೆ ತಪ್ಪುತ್ತದೆ.

ಒಬ್ಬ ಹುಡುಗ ಸುದ್ದಿ ಓದಿದ ವಾರವೇ ಇದ್ದ ಕೆಲಸ ಬಿಟ್ಟು ಬಂದಿದ್ದ. ಚುರುಕು, ಫೋರ್ಕ್‌ಲಿಫ್ಟ್ ಲೈಸೆನ್ಸ್ ಕೂಡ ಇತ್ತು. ಅಲ್ಲಿ ನೋಡಿದರೆ ಇನ್ನೂ ಅಡಿಪಾಯ ತೋಡುತ್ತಿದ್ದರು. ಯಾರನ್ನೂ ಒಂದು ಮಾತು ಕೇಳದೆ ರಾಜೀನಾಮೆ ಕೊಟ್ಟನಲ್ಲ ಅಂತ ನನಗೆ ಸಂಕಟವಾಯಿತು. ಹಳೇ ಕಡೆ ಮಾತಾಡಿ ವಾಪಸ್ ಸೇರಿಸುವಷ್ಟರಲ್ಲಿ ಸಾಕುಸಾಕಾಯಿತು.

ಎಲ್ಲ ಕಡೆ ಹೀಗೇ ಅಂತ ನಾನು ಹೇಳಲಾರೆ. ಅರ್ಜಿ ಹಾಕುವ ಮುಂಚೆ ಮೂರು ವಿಷಯ ಕೇಳಿ: ಮೊದಲ ವರ್ಷ ಎಷ್ಟು ಅಂಗಡಿಗೆ ಸರಕು ಹೋಗುತ್ತದೆ, ಸಂಬಳ ಕಂಪನಿಯದೋ ಏಜೆನ್ಸಿಯದೋ, ಯಾವ ಪಾಳಿ. ಬೇಗ ಕೆಲಸ ಬೇಕಿದ್ದರೆ ಮೈನಸ್ 18 ಡಿಗ್ರಿಯ ಫ್ರೀಜರ್ ವಿಭಾಗ, ರಾತ್ರಿ ಪಾಳಿ ವಿಚಾರಿಸಿ. ಅಲ್ಲಿ ಜನ ನಿಲ್ಲುವುದು ಕಡಿಮೆ, ಜಾಗ ಖಾಲಿಯಾಗುತ್ತಲೇ ಇರುತ್ತದೆ. ರೀಚ್ ಟ್ರಕ್ (ಎತ್ತರದ ಅಟ್ಟಣಿಗೆಯಿಂದ ಪ್ಯಾಲೆಟ್ ಇಳಿಸುವ ಗಾಡಿ) ಓಡಿಸಲು ಬಂದರೆ ಅದನ್ನು ಅರ್ಜಿಯ ಮೊದಲ ಸಾಲಿನಲ್ಲೇ ಬರೆಯಿರಿ.