ಗೇನ್ ಅಲ್ಲಪ್ಪಾ, ವಾಲ್ಯೂಮ್!

ತಿಂಗಳಿಗೆ ಒಬ್ಬನಾದರೂ ಬರುತ್ತಾನೆ. ಹೆಗಲಿಗೆ ಗಿಟಾರ್, ಕೈಯಲ್ಲಿ ಫೋನ್. ಚಪ್ಪಲಿ ಬಿಡುವ ಮೊದಲೇ ಫೋನನ್ನು ನನ್ನ ಕಿವಿಗೆ ಹಿಡಿದು "ಸಾರ್, ಈ ಸೌಂಡ್ ಬೇಕು" ಅನ್ನುತ್ತಾನೆ. ಹೆಚ್ಚಿನ ಸಲ ಅದು ಒಂದೇ ರೆಕಾರ್ಡ್. 1966ರ 'ಬ್ಲೂಸ್ ಬ್ರೇಕರ್ಸ್ ವಿತ್ ಎರಿಕ್ ಕ್ಲಾಪ್ಟನ್'. ಇಂಗ್ಲೆಂಡಿನ ಜಾನ್ ಮೇಯಾಲ್ ಅವರ ಬ್ಲೂಸ್ ತಂಡದ್ದು (ಬ್ಲೂಸ್ ಅಂದರೆ ಅಮೆರಿಕದ ಕಪ್ಪು ಜನರಿಂದ ಬಂದ ಹಾಡಿನ ಶೈಲಿ), ಗಿಟಾರ್ ಕ್ಲಾಪ್ಟನ್‌ದು. ಕವರಿನಲ್ಲಿ ಕ್ಲಾಪ್ಟನ್ ಬೀನೋ ಎಂಬ ಮಕ್ಕಳ ಕಾಮಿಕ್ ಹಿಡಿದು ಕೂತಿದ್ದಾನಲ್ಲ, ಅದಕ್ಕೆ ಎಲ್ಲರೂ ಬೀನೋ ಆಲ್ಬಮ್ ಅಂತಲೇ ಕರೆಯುತ್ತಾರೆ.

ಆಮೇಲೆ ಏನಾಗುತ್ತದೆ ಅಂತ ನನಗೆ ಬಾಯಿಪಾಠ. ಹುಡುಗ ನನ್ನ ಆಂಪಿಗೆ, ಅಂದರೆ ಗಿಟಾರಿನ ಸದ್ದು ದೊಡ್ಡದು ಮಾಡುವ ಪೆಟ್ಟಿಗೆಗೆ, ವೈರ್ ಸಿಗಿಸುತ್ತಾನೆ. ಗೇನ್ ನಾಬನ್ನು, ಅಂದರೆ ಧ್ವನಿ ಒಡೆದು ಗರಗರ ಅನ್ನಿಸುವ ನಾಬನ್ನು, ಪೂರ್ತಿ ತಿರುಗಿಸುತ್ತಾನೆ. ವಾಲ್ಯೂಮ್ ಒಂದೂವರೆಗೆ ಇಟ್ಟು ನುಡಿಸುತ್ತಾನೆ. ಡಬ್ಬಿಯೊಳಗೆ ಜೇನುಹುಳ ಬಿಟ್ಟು ಮುಚ್ಚಳ ಹಾಕಿದ ಹಾಗೆ ಕೇಳುತ್ತದೆ. "ಬರ್ತಿಲ್ಲ ಸಾರ್, ಬಹುಶಃ ಗಿಟಾರೇ ಸರಿ ಇಲ್ಲ ಅನ್ಸತ್ತೆ." ಗಿಟಾರ್ ಒಂದೂವರೆ ಲಕ್ಷದ್ದು ಮಾರಾಯಾ! ಅದರದ್ದೇನೂ ತಪ್ಪಿಲ್ಲ.

ಇಪ್ಪತ್ತು ವರ್ಷಕ್ಕಿಂತ ಜಾಸ್ತಿಯಾಯಿತು ನಾನು ಬೆಂಗಳೂರಿನಲ್ಲಿ ರೆಕಾರ್ಡಿಂಗ್ ಮಾಡುತ್ತಾ. ಭಾವಗೀತೆ, ಜಾಹೀರಾತಿನ ಜಿಂಗಲ್, ಮದುವೆ ವಿಡಿಯೋದ ಹಿನ್ನೆಲೆ ಸಂಗೀತ, ಎಲ್ಲ ಮಾಡಿದ್ದೇನೆ. ಹಾಡುವವರಿಗೆ ಹೇಳಿದ್ದು ಒಂದು ಸಲಕ್ಕೆ ಅರ್ಥ ಆಗುತ್ತದೆ. ಗಿಟಾರ್ ಹುಡುಗರಿಗೆ ಮಾತ್ರ ಈ ಒಂದು ವಿಷಯ ತಲೆಗೆ ಇಳಿಯುವುದಿಲ್ಲ. ಅದಕ್ಕೇ ಬರೆದಿಡುತ್ತಿದ್ದೇನೆ, ಇನ್ನು ಮುಂದೆ ಬಂದವರಿಗೆ ಇದನ್ನೇ ಕಳಿಸಿಬಿಡುತ್ತೇನೆ.

ಒಗ್ಗರಣೆ ಹಾಕಿದ್ದೀರಲ್ವಾ? ಎಣ್ಣೆ ಕಾಯುವ ಮೊದಲೇ ಸಾಸಿವೆ ಹಾಕಿದರೆ ಅದು ಸುಮ್ನೆ ತಳದಲ್ಲಿ ಕೂತಿರುತ್ತದೆ. ಸಿಡಿಯಲಿಲ್ಲ ಅಂತ ಇನ್ನೊಂದು ಚಮಚ ಸಾಸಿವೆ ಹಾಕುತ್ತೀರಾ? ಗೇನ್ ತಿರುಗಿಸುವುದು ಅಂದರೆ ಸಾಸಿವೆ ಜಾಸ್ತಿ ಹಾಕುವುದು. ವಾಲ್ಯೂಮ್ ಅಂದರೆ ಉರಿ.

ಕ್ಲಾಪ್ಟನ್ ಆ ಆಲ್ಬಮ್‌ನಲ್ಲಿ ನುಡಿಸಿದ ಮಾರ್ಷಲ್ ಆಂಪಿನಲ್ಲಿ ಗೇನ್ ಅಂತ ಬರೆದ ನಾಬೇ ಇರಲಿಲ್ಲ. ಮಾಡೆಲ್ ನಂಬರ್ 1962. (ಇದು ಇಸವಿ ಅಲ್ಲ, ಬರೀ ನಂಬರ್. "1962ರಲ್ಲಿ ಮಾಡಿದ ಆಂಪ್ ಬೇಕು" ಅಂತ ಒಬ್ಬರು ನನ್ನ ಹತ್ತಿರ ಗಂಟೆಗಟ್ಟಲೆ ವಾದ ಮಾಡಿದ್ದಾರೆ.) ಒಳಗಿದ್ದದ್ದು ಮಾರ್ಷಲ್‌ನ ಮೊದಲ ಆಂಪಾದ ಜೆಟಿಎಂ 45ರ ಸರ್ಕಿಟ್. ಲಂಡನ್ನಿನ ಪಶ್ಚಿಮದ ಹ್ಯಾನ್‌ವೆಲ್‌ನಲ್ಲಿ ಡ್ರಮ್ಸ್ ಅಂಗಡಿ ಇಟ್ಟುಕೊಂಡಿದ್ದ ಜಿಮ್ ಮಾರ್ಷಲ್ ಅವರ ಕಡೆಯವರು ಅಮೆರಿಕದ ಫೆಂಡರ್ ಬಾಸ್‌ಮ್ಯಾನ್ ಆಂಪನ್ನು ನೋಡಿಕೊಂಡು ಮಾಡಿದ್ದು. ಕೆಟಿ 66 ಎಂಬ ಎರಡು ಪವರ್ ವಾಲ್ವ್ (ಹಳೆಯ ರೇಡಿಯೋದೊಳಗೆ ಇರುತ್ತಿದ್ದಂಥ ಗಾಜಿನ ಬಲ್ಬು), 12 ಇಂಚಿನ ಎರಡು ಸ್ಪೀಕರ್. ನಾಬಿನ ಮೇಲೆ ಬರೆದಿದ್ದದ್ದು ಲೌಡ್‌ನೆಸ್ ಅಂತ. ಒಡಕು ಹಾಗೇ ಇಟ್ಟು ಕೊನೆಯ ಸದ್ದನ್ನು ಮಾತ್ರ ತಗ್ಗಿಸುವ ಮಾಸ್ಟರ್ ವಾಲ್ಯೂಮ್ ಇಲ್ಲವೇ ಇಲ್ಲ. ಅಂದರೆ ಧ್ವನಿ ಒಡೆಯಬೇಕು ಅಂದರೆ ಜೋರಾಗಿ ನುಡಿಸಬೇಕು, ಬೇರೆ ದಾರಿಯೇ ಇಲ್ಲ.

ಸ್ವಲ್ಪ ತಾಳ್ಮೆಯಿಂದ ಕೇಳಿ, ನಿಧಾನವಾಗಿ ಹೇಳುತ್ತೇನೆ. ತಂತಿಯಿಂದ ಬಂದ ಸಣ್ಣ ಕರೆಂಟು ಮೊದಲು ಪುಟ್ಟ ವಾಲ್ವ್‌ಗಳಿಗೆ ಹೋಗುತ್ತದೆ. ನಿಮ್ಮ ಹೊಸ ಆಂಪಿನ ಗೇನ್ ನಾಬ್ ಒಡೆಯುವುದು ಇಲ್ಲಿ ಮಾತ್ರ. ಇಲ್ಲಿನ ಒಡಕು ಬೇರೆ, ತೆಳ್ಳಗೆ ಮರಳು ಉಜ್ಜಿದ ಹಾಗೆ. ಅಲ್ಲಿಂದ ದೊಡ್ಡ ಪವರ್ ವಾಲ್ವ್‌ಗಳು. ಅವಕ್ಕೆ ತಡೆಯಲಾರದಷ್ಟು ಕೆಲಸ ಕೊಟ್ಟಾಗ ಅವು ಧ್ವನಿಯ ತುದಿಗಳನ್ನು ದುಂಡಗೆ ಮಾಡುತ್ತವೆ. ಅಷ್ಟೇ ಅಲ್ಲ, ಆ ಕಾಲದ ಆಂಪಿನಲ್ಲಿ ಕರೆಂಟನ್ನು ಎಸಿಯಿಂದ ಡಿಸಿ ಮಾಡುವುದಕ್ಕೂ ವಾಲ್ವೇ ಇತ್ತು. ಜೋರಾಗಿ ತಂತಿ ಹೊಡೆದ ಕ್ಷಣ ವೋಲ್ಟೇಜ್ ಒಂಚೂರು ಕುಸಿದು ಮತ್ತೆ ಏಳುತ್ತದೆ. ಹಗ್ಗದ ಮಂಚದ ಮೇಲೆ ಧಪ್ಪಂತ ಕೂತರೆ ತಗ್ಗಿ ಏಳುತ್ತದಲ್ಲ, ಹಾಗೆ. ಸ್ವರ ಹಿಂಡಿದಂತಾಗಿ ಆಮೇಲೆ ಅರಳುವುದು ಇದರಿಂದ. ನಂತರ ಸ್ಪೀಕರಿನ ಕಾಗದದ ಕೋನ್. ಅದೂ ಸುಸ್ತಾಗಿ ತನ್ನ ಬಣ್ಣ ಸೇರಿಸುತ್ತದೆ. ಕೊನೆಗೆ ರೂಮಿನ ಗಾಳಿ. ಅಷ್ಟು ಜೋರಾದ ಸದ್ದು ರೂಮಿನಲ್ಲಿ ತುಂಬಿದಾಗ ಗಿಟಾರಿನ ಮರ, ತಂತಿ ಎಲ್ಲ ಅದಕ್ಕೆ ನಡುಗುತ್ತವೆ. ಬಿಟ್ಟ ಸ್ವರ ಸಾಯುವುದೇ ಇಲ್ಲ, ಆಂಪ್ ಅದಕ್ಕೆ ಉಣಿಸುತ್ತಲೇ ಇರುತ್ತದೆ. ಇಷ್ಟೂ ಮೆಟ್ಟಿಲು ಹತ್ತಬೇಕು. ನೀವು ಮೊದಲ ಮೆಟ್ಟಿಲಲ್ಲೇ ಕುಣಿಯುತ್ತಾ "ಮಹಡಿ ಕಾಣ್ತಿಲ್ಲ ಸಾರ್" ಅಂದರೆ ನಾನೇನು ಮಾಡಲಿ?

ಇದನ್ನು ಅವತ್ತಿನ ಸ್ಟುಡಿಯೋದವರೂ ಸುಲಭಕ್ಕೆ ಒಪ್ಪಿದವರಲ್ಲ, ಅದೊಂದು ಸಮಾಧಾನ.

ಕ್ಲಾಪ್ಟನ್ 1965ರಲ್ಲಿ ಯಾರ್ಡ್‌ಬರ್ಡ್ಸ್ ತಂಡ ಬಿಟ್ಟು ಬಂದಿದ್ದ. ಅವರ ಹೊಸ ಹಾಡು ತೀರಾ ಪಾಪ್ ಆಯಿತು, ನನಗೆ ಬ್ಲೂಸ್ ಬೇಕು ಅಂತ. ಮೇಯಾಲ್ ಕರೆದು ಜಾಗ ಕೊಟ್ಟರು. ಮೇಯಾಲ್ ಮನೆಯಲ್ಲಿ ಬ್ಲೂಸ್ ರೆಕಾರ್ಡುಗಳ ರಾಶಿಯೇ ಇತ್ತು, ಹುಡುಗ ಅದರಲ್ಲೇ ಮುಳುಗಿದ. ಅದೇ ವರ್ಷ ಮೇಯಾಲ್ ತಂಡ ಕೆಲವು ಹಾಡು ರೆಕಾರ್ಡ್ ಮಾಡಿತು. ಅದರ ಪ್ರೊಡ್ಯೂಸರ್ ಜಿಮ್ಮಿ ಪೇಜ್, ಆಮೇಲೆ ಲೆಡ್ ಜೆಪ್ಲಿನ್ ಎಂಬ ರಾಕ್ ತಂಡ ಕಟ್ಟಿದವರು. ಅವರೇ ಹೇಳಿಕೊಂಡಿರುವ ಪ್ರಕಾರ, ಕ್ಲಾಪ್ಟನ್ ನುಡಿಸುತ್ತಿದ್ದಾಗಲೇ ನಡುವೆ ಅಲ್ಲಿನ ಎಂಜಿನಿಯರ್ ಇದನ್ನು ರೆಕಾರ್ಡ್ ಮಾಡಲು ಆಗಲ್ಲ ಅಂತ ಕೈಚೆಲ್ಲಿದನಂತೆ. ನನಗೆ ಆ ಎಂಜಿನಿಯರ್ ಮೇಲೆ ಸಿಟ್ಟಿಲ್ಲ. ಮೀಟರ್ ಮುಳ್ಳು ಕೆಂಪಿಗೆ ಹೋಗಿ ಅಲ್ಲೇ ಕೂತರೆ ಹೊಟ್ಟೆಯಲ್ಲಿ ಏನಾಗುತ್ತದೆ ಅಂತ ಈ ಕೆಲಸ ಮಾಡುವವರಿಗೇ ಗೊತ್ತು.

ಆಲ್ಬಮ್ ಅನ್ನು ಮೊದಲು ಲೈವ್ ಮಾಡೋಣ ಅಂತಿದ್ದರು. ಲಂಡನ್ನಿನ ಫ್ಲೆಮಿಂಗೋ ಕ್ಲಬ್ಬಿನಲ್ಲಿ ಟೇಪ್ ಓಡಿಸಿಯೂ ನೋಡಿದರು, ಸರಿ ಬರಲಿಲ್ಲ. ಹಾಗಾಗಿ 1966ರ ವಸಂತದಲ್ಲಿ ವೆಸ್ಟ್ ಹ್ಯಾಂಪ್‌ಸ್ಟೆಡ್‌ನ ಡೆಕ್ಕಾ ಸ್ಟುಡಿಯೋಗೆ ಹೋದರು. 1962ರ ಜನವರಿ 1ರಂದು ಬೀಟಲ್ಸ್ ಆಡಿಷನ್ ಕೊಟ್ಟು ಬೇಡ ಅನ್ನಿಸಿಕೊಂಡದ್ದು ಅಲ್ಲೇ. ಪ್ರೊಡ್ಯೂಸರ್ ಮೈಕ್ ವರ್ನನ್. ಎಂಜಿನಿಯರ್ ಗಸ್ ಡಡ್ಜನ್, ಮುಂದೆ ಎಲ್ಟನ್ ಜಾನ್ ಅವರ ದೊಡ್ಡ ದೊಡ್ಡ ಆಲ್ಬಮ್‌ಗಳನ್ನು ಮಾಡಿದವರು. ಬಾಸ್ ಜಾನ್ ಮೆಕ್‌ವೀ, ಡ್ರಮ್ಸ್ ಹ್ಯೂಯಿ ಫ್ಲಿಂಟ್, ಆರ್ಗನ್ ಮತ್ತು ಹಾಡು ಮೇಯಾಲ್.

ಇಪ್ಪತ್ತೊಂದರ ಆಸುಪಾಸಿನ ಕ್ಲಾಪ್ಟನ್ ಹಟ ಹಿಡಿದ. ಕ್ಲಬ್ಬಿನಲ್ಲಿ ಎಷ್ಟು ಜೋರಾಗಿ ನುಡಿಸುತ್ತೇನೋ ಇಲ್ಲೂ ಅಷ್ಟೇ ಜೋರು. ಮೈಕನ್ನು ಆಂಪಿನ ಬಾಯಿಗೆ ತುರುಕಬೇಡಿ, ದೂರ ಇಡಿ. ಅವತ್ತಿನ ಪದ್ಧತಿ ಪೂರಾ ಉಲ್ಟಾ ಇತ್ತು. ಗಿಟಾರ್ ಸಣ್ಣಗೆ ನುಡಿಸಬೇಕು, ಮೈಕ್ ಹತ್ತಿರ ಇರಬೇಕು, ಒಂದರ ಸದ್ದು ಇನ್ನೊಂದರ ಮೈಕಿಗೆ ಹೋಗಬಾರದು. ಡಡ್ಜನ್ ಕಂಗಾಲಾದರು. ಡ್ರಮ್ಸ್ ಮೈಕಿನಲ್ಲೂ ಗಿಟಾರ್, ಎಲ್ಲದರಲ್ಲೂ ಗಿಟಾರ್! ವರ್ನನ್ ಮಧ್ಯೆ ನಿಂತು ಇಬ್ಬರನ್ನೂ ಸಂಭಾಳಿಸಿದರು. ಕೊನೆಗೆ ಹುಡುಗನ ಮಾತೇ ನಡೆಯಿತು.

ನನ್ನ ಕೇಳಿದರೆ ಆ ಆಲ್ಬಮ್‌ನ ನಿಜವಾದ ದೊಡ್ಡಮನುಷ್ಯ ಡಡ್ಜನ್. ಒಪ್ಪದೇ ಇದ್ದದ್ದನ್ನೂ ಸರಿಯಾಗಿ ಹಿಡಿದಿಟ್ಟರಲ್ಲ, ಅದಕ್ಕೆ. ನನ್ನಲ್ಲಿಗೆ ಬಂದ ಬ್ಯಾಂಡಿನವರು "ಡ್ರಮ್ಸ್ ಟ್ರ್ಯಾಕಲ್ಲಿ ಗಿಟಾರ್ ಕೇಳ್ತಿದೆ ಅಣ್ಣ, ಕ್ಲೀನ್ ಮಾಡಿ" ಅಂದಾಗೆಲ್ಲ ನನಗೆ ಆ ಮನುಷ್ಯ ನೆನಪಾಗುತ್ತಾರೆ. ಒಂದೇ ರೂಮಿನಲ್ಲಿ ಕೂತು ನುಡಿಸಿದ ಮೇಲೆ ಕೇಳದೆ ಇರುತ್ತದಾ? ಮದುವೆ ಮನೆಯಲ್ಲಿ ಓಲಗ ಕೇಳಬಾರದು, ಮಂತ್ರ ಮಾತ್ರ ಕೇಳಬೇಕು ಅಂದ ಹಾಗಾಯಿತು.

ಸರಿ, ಎಲ್ಲಿದ್ದೆ? ಗಿಟಾರ್. ಗಿಬ್ಸನ್ ಲೆಸ್ ಪಾಲ್, 1960ರ ಆಸುಪಾಸಿನದು. ಅಮೆರಿಕದ ಬ್ಲೂಸ್ ಗಿಟಾರಿಸ್ಟ್ ಫ್ರೆಡ್ಡಿ ಕಿಂಗ್ ತನ್ನ ರೆಕಾರ್ಡಿನ ಕವರಿನಲ್ಲಿ ಲೆಸ್ ಪಾಲ್ ಹಿಡಿದಿದ್ದನ್ನು ನೋಡಿ ಕ್ಲಾಪ್ಟನ್ ಅದರ ಹಿಂದೆ ಬಿದ್ದದ್ದು. ಆಗ ಆ ಗಿಟಾರ್ ಓಡದ ಮಾಲು, ಗಿಬ್ಸನ್ ಅದನ್ನು ಮಾಡುವುದನ್ನೇ ನಿಲ್ಲಿಸಿತ್ತು. ಈ ಆಲ್ಬಮ್ ಬಂದ ಮೇಲೆ ಇಂಗ್ಲೆಂಡಿನ ಹುಡುಗರೆಲ್ಲ ಹಳೆಯ ಲೆಸ್ ಪಾಲ್ ಹುಡುಕಲು ಶುರು ಮಾಡಿದರು. 1968ರಲ್ಲಿ ಗಿಬ್ಸನ್ ಮತ್ತೆ ಮಾಡತೊಡಗಿತು. ಇದೊಂದೇ ಕಾರಣ ಅನ್ನಲಾರೆ, ಅಮೆರಿಕದಲ್ಲಿ ಮೈಕ್ ಬ್ಲೂಮ್‌ಫೀಲ್ಡ್ ಕೂಡ ಅದನ್ನೇ ನುಡಿಸುತ್ತಿದ್ದರು. ಕ್ಲಾಪ್ಟನ್‌ನ ಆ ಗಿಟಾರ್ ಮಾತ್ರ 1966ರ ಬೇಸಿಗೆಯಲ್ಲೇ ಕಳುವಾಯಿತು, ಅವನ ಹೊಸ ತಂಡ ಕ್ರೀಮ್‌ನ ಅಭ್ಯಾಸ ನಡೆಯುತ್ತಿದ್ದಾಗ. ಕದ್ದವನು ಕೈ ಹಾಕಿದ್ದು ಗಿಟಾರಿಗೇ. ಅವನೂ ನನ್ನ ಗಿರಾಕಿಗಳ ಹಾಗೆಯೇ ಯೋಚಿಸಿರಬೇಕು.

1966ರ ಜುಲೈ 22ಕ್ಕೆ ಡೆಕ್ಕಾ ರೆಕಾರ್ಡ್ ಬಿಟ್ಟಿತು, ಮೋನೋದಲ್ಲಿ. ಅಷ್ಟೊತ್ತಿಗೆ ಕ್ಲಾಪ್ಟನ್ ಮೇಯಾಲ್ ತಂಡ ಬಿಟ್ಟಾಗಿತ್ತು. ಹೆಸರು ಕವರ್ ಮೇಲೆ, ಆಸಾಮಿ ಕ್ರೀಮ್‌ನಲ್ಲಿ. ಫೋಟೋ ತೆಗೆಸಿಕೊಳ್ಳುವುದು ಅಂದರೆ ಆಗುತ್ತಿರಲಿಲ್ಲ, ಅದಕ್ಕೇ ಕಾಮಿಕ್ ಹಿಡಿದು ಕೂತಿದ್ದು ಅಂತ ಆಮೇಲೆ ಹೇಳಿಕೊಂಡ. ಆದರೂ ಬ್ರಿಟನ್ನಿನ ಪಟ್ಟಿಯಲ್ಲಿ 6ನೇ ಸ್ಥಾನಕ್ಕೆ ಏರಿತು. ಹಿಟ್ ಸಿಂಗಲ್ ಒಂದೂ ಇಲ್ಲದೆ, ಅರ್ಧದಷ್ಟು ಬೇರೆಯವರ ಹಳೆಯ ಹಾಡು ತುಂಬಿದ ಬ್ಲೂಸ್ ರೆಕಾರ್ಡ್. ಲಂಡನ್ನಿನ ಗೋಡೆಯ ಮೇಲೆ 'ಕ್ಲಾಪ್ಟನ್ ಈಸ್ ಗಾಡ್' ಅಂತ ಯಾರೋ ಬರೆದರು. ಮಾರ್ಷಲ್ ಕಂಪನಿಯೇ ಮುಂದೆ ಆ ಆಂಪಿಗೆ ಬ್ಲೂಸ್‌ಬ್ರೇಕರ್ ಅಂತ ಹೆಸರಿಟ್ಟು ಮಾರಿತು. ಮೇಯಾಲ್ ತೀರಿಕೊಂಡದ್ದು 2024ರಲ್ಲಿ, 90ನೇ ವಯಸ್ಸಿನಲ್ಲಿ. ತಾರೀಕು ನೋಡಿ, ಜುಲೈ 22.

ಕಳೆದ ವರ್ಷ ಹುಬ್ಬಳ್ಳಿಯಿಂದ ಒಬ್ಬ ಹುಡುಗ ಬಂದಿದ್ದ. ಒಳ್ಳೆಯ ಕೈ. ಅದೇ ಕಥೆ, ಗೇನ್ ಹತ್ತು, ವಾಲ್ಯೂಮ್ ಒಂದು. ನಾನು ಆ ಆಲ್ಬಮ್‌ನ 'ಹ್ಯಾವ್ ಯು ಹರ್ಡ್' ಹಾಕಿ, ದೊಡ್ಡ ಸ್ಪೀಕರಿನಲ್ಲಿ, ಸೋಲೋ ಮಾತ್ರ ಮೂರು ಸಲ ಕೇಳಿಸಿದೆ. ನಿಧಾನದ ಹಾಡು. ಮೇಯಾಲ್ ಹಾಡಿ ನಿಲ್ಲಿಸುತ್ತಾರೆ, ಕ್ಲಾಪ್ಟನ್ ಬಾಗಿಲು ಒದ್ದು ಒಳಗೆ ಬಂದ ಹಾಗೆ ಬರುತ್ತಾನೆ. "ಒಡಕು ಎಷ್ಟಿದೆ ಹೇಳು" ಅಂದೆ. ಮೂರನೇ ಸಲಕ್ಕೆ "ಅಷ್ಟೇನ್ ಇಲ್ಲಲ್ರಿ ಸರ" ಅಂದ. ಹೌದು! ನಾವು ಅಂದುಕೊಂಡಿರುವುದರ ಅರ್ಧವೂ ಇಲ್ಲ. ಮೀಟುವ ಕಡ್ಡಿ ತಂತಿಗೆ ತಾಗಿದ್ದೂ ಕೇಳುತ್ತದೆ. ಮೃದುವಾಗಿ ಹೊಡೆದರೆ ಸ್ವಚ್ಛ, ಬಿಗಿಯಾಗಿ ಹೊಡೆದರೆ ಕೂಗು.

ಆಮೇಲೆ ನನ್ನ ಹಳೆಯ ವಾಲ್ವ್ ಆಂಪಿಗೆ ಸಿಗಿಸಿ, ನಾಬ್ ಏಳಕ್ಕೆ ಇಟ್ಟು, ಕಿವಿಗೆ ಪ್ಲಗ್ ಕೊಟ್ಟು, ಅದೇ ರೂಮಿನಲ್ಲಿ ನಿಲ್ಲಿಸಿದೆ. ಮೊದಲ ಸ್ವರಕ್ಕೇ ಬೆಚ್ಚಿ ಹಿಂದೆ ಸರಿದ. ಮುಟ್ಟದ ತಂತಿಗಳೂ ಕಿರುಚುತ್ತಿದ್ದವು. "ಇದು ಕೈಯಾಗ ನಿಲ್ಲವಲ್ದ್ರಿ ಸರ!" ಎಡಗೈಯಲ್ಲಿ ತಂತಿ ಅದುಮಿ ಹಿಡಿಯಬೇಕು, ಬಲಗೈ ಕಾಯಬೇಕು, ಗಿಟಾರಿನ ವಾಲ್ಯೂಮನ್ನು ಕಿರುಬೆರಳಲ್ಲಿ ಇಳಿಸಿ ಏರಿಸಬೇಕು. ಇಪ್ಪತ್ತು ನಿಮಿಷದಲ್ಲಿ ಅವನು ನುಡಿಸುವ ಸ್ವರಗಳು ಅರ್ಧಕ್ಕರ್ಧ ಕಡಿಮೆಯಾದವು. ಒಂದು ಸ್ವರ ಬಗ್ಗಿಸಿ ಹಾಗೇ ಹಿಡಿದುಕೊಂಡ. ಅದು ನಿಂತೇ ಇತ್ತು. ಅವನ ಮುಖ ನೋಡಬೇಕಿತ್ತು. ಆಮೇಲೆ ಕೆಳಗಿನ ಮನೆಯ ಅಜ್ಜಿ ಮೆಟ್ಟಿಲ ಹತ್ತಿರ ಬಂದು "ಏನಪ್ಪಾ, ಮಿಕ್ಸಿಗೆ ಕಲ್ಲು ಬಿತ್ತಾ?" ಅಂದರು.

"ಹಾಗಾದರೆ 5 ವ್ಯಾಟ್‌ನ ಪುಟ್ಟ ಆಂಪ್ ತಗೊಂಡರೆ ಮನೆಯಲ್ಲೇ ಆಗತ್ತಲ್ವಾ ಸಾರ್?" ಇದೂ ಎಲ್ಲರೂ ಕೇಳುವ ಪ್ರಶ್ನೆ. ನಮ್ಮ ಕಿವಿಯ ಲೆಕ್ಕ ಬೇರೆ. ಅರ್ಧ ಜೋರು ಅನ್ನಿಸಬೇಕಾದರೆ ಪವರ್ ಸುಮಾರು ಹತ್ತನೇ ಒಂದು ಭಾಗಕ್ಕೆ ಇಳಿಯಬೇಕು. 30 ವ್ಯಾಟ್ ಹೋಗಿ 3 ವ್ಯಾಟ್ ಆದರೂ ಸದ್ದು ಅರ್ಧ ಮಾತ್ರ. ಅಪಾರ್ಟ್‌ಮೆಂಟಿನಲ್ಲಿ 5 ವ್ಯಾಟ್ ಕೂಡ ಜಗಳಕ್ಕೆ ಸಾಕು. ಆಂಪಿನ ಸದ್ದನ್ನು ಅನುಕರಿಸುವ ಕಂಪ್ಯೂಟರ್ ಪ್ಲಗಿನ್‌ಗಳು ಈಗ ನಿಜಕ್ಕೂ ಚೆನ್ನಾಗಿವೆ, ನಾನೂ ದಿನಾ ಬಳಸುತ್ತೇನೆ, ಕಣ್ಣು ಮುಚ್ಚಿ ಕೇಳಿಸಿದರೆ ಎಷ್ಟೋ ಸಲ ನನಗೇ ಗೊತ್ತಾಗದೇ ಇರಬಹುದು. ಆದರೆ ಅದರಲ್ಲೂ ಗೇನ್ ಇಳಿಸಿ, ಪವರ್ ಆಂಪ್ ಏರಿಸಿ, ಹೆಡ್‌ಫೋನ್ ತೆಗೆದು ಸ್ಪೀಕರ್ ಮುಂದೆ ಕೂತು ನುಡಿಸಿ. ಆ ಆಲ್ಬಮ್‌ನಲ್ಲಿ ಕ್ಲಾಪ್ಟನ್ ಹತ್ತಿರ ಪೆಡಲ್ ಇತ್ತಾ ಇಲ್ವಾ, ಮೈಕ್ ಯಾವುದು ಅನ್ನುವ ವಾದಕ್ಕೆ ನಾನು ಇಳಿಯುವುದಿಲ್ಲ.

ಕಿವಿ ವಿಷಯ ಮಾತ್ರ ತಮಾಷೆ ಅಲ್ಲ. 85 ಡೆಸಿಬಲ್‌ನಲ್ಲಿ ದಿನಕ್ಕೆ 8 ಗಂಟೆ ತಡೆಯಬಹುದು ಅನ್ನುವುದು ಒಂದು ಸಾಮಾನ್ಯ ಲೆಕ್ಕ. ಪ್ರತಿ 3 ಡೆಸಿಬಲ್‌ಗೆ ಸಮಯ ಅರ್ಧವಾಗುತ್ತದೆ. 100ಕ್ಕೆ ಬಂದರೆ 15 ನಿಮಿಷ. ಕ್ಲಾಪ್ಟನ್ ತಾನೇ 2018ರಲ್ಲಿ ರೇಡಿಯೋದಲ್ಲಿ ಹೇಳಿದ, ಕಿವಿ ಹೋಗುತ್ತಿದೆ, ಒಳಗೆ ಗುಂಯ್ ಅನ್ನುವ ಸದ್ದು ಇದೆ ಅಂತ. ನನಗೂ ಎಡಗಿವಿಯಲ್ಲಿ ಸ್ವಲ್ಪ ಶುರುವಾಗಿದೆ. ಆಂಪಿನಿಂದಲೇ ಅಂತ ಖಚಿತವಾಗಿ ಹೇಳಲಾರೆ, ವಯಸ್ಸೂ ಇರಬಹುದು. ಪ್ಲಗ್ ಇಲ್ಲದೆ ನಿಮ್ಮನ್ನು ರೂಮಿನೊಳಗೆ ಬಿಡುವುದಿಲ್ಲ.

ಬರುವವರು ಭಾನುವಾರ ಬೆಳಗ್ಗೆ ಹತ್ತೂವರೆಗೆ ಬನ್ನಿ. ಹೊಸ ತಂತಿ ಹಾಕಿಸಿಕೊಂಡು ಬನ್ನಿ. ಅಜ್ಜಿ ಅವತ್ತು ಗವಿಗಂಗಾಧರೇಶ್ವರ ದೇವಸ್ಥಾನಕ್ಕೆ ಹೋದರೆ ಒಂದು ಗಂಟೆಯವರೆಗೆ ಬರುವುದಿಲ್ಲ.