ಟೆಸ್ಟ್ ಡೇಗೆ 50 ಗಂಟೆ

ಒಮ್ಮೆ ಒಂದು ಓಪನ್ ಸೋರ್ಸ್ ಟೆಸ್ಟ್ ಡೇಗೆ, ಅಂದರೆ ಎಲ್ಲರಿಗೂ ತೆರೆದಿರುವ ಸಾಫ್ಟ್‌ವೇರನ್ನು ಊರೂರಿನ ಜನ ಆನ್‌ಲೈನಲ್ಲಿ ಸೇರಿ ಪರೀಕ್ಷಿಸುವ ದಿನಕ್ಕೆ, ಸರಿಯಾದ ಹೊತ್ತಿಗೇ ಹೋಗಿ ತಡವಾಗಿ ತಲುಪಿದ್ದೆ. ಮಾರ್ಚ್ ಕೊನೆಯ ವಾರ ಅದು. ಬೀಟಾ (ಬಿಡುಗಡೆಗೆ ಮುಂಚಿನ ಪರೀಕ್ಷಾ) ಆವೃತ್ತಿಯನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು, ಹಳೇ ಲ್ಯಾಪ್‌ಟಾಪನ್ನು ಚಾರ್ಜಿಗಿಟ್ಟು, ಹಿಂದಿನ ವಾರ ಸೇರಿದ್ದ ಹೊತ್ತಿಗೇ ಚಾಟ್ ರೂಮ್ ತೆರೆದೆ. ಒಂದು ಬಾಟ್ ಬಿಟ್ಟರೆ ಯಾರೂ ಇಲ್ಲ. ಕೊನೆಯ ಸಂದೇಶ ಎಂಟು ನಿಮಿಷದ ಹಿಂದಿನದು: 'ಎಲ್ಲರಿಗೂ ಥ್ಯಾಂಕ್ಸ್, ಲಾಗ್ ಕಳಿಸೋದು ಮರೀಬೇಡಿ.' ಲಾಗ್ ಅಂದರೆ ಏನೇನಾಯಿತು ಎಂದು ಕಂಪ್ಯೂಟರ್ ತಾನೇ ಬರೆದಿಡುವ ದಾಖಲೆ. ನಡೆಸುತ್ತಿದ್ದವರು ಯುರೋಪಿನವರು. ಆ ಭಾನುವಾರ ಅಲ್ಲಿ ಬೇಸಿಗೆ ಸಮಯಕ್ಕೆಂದು ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗಿತ್ತು. ನನ್ನದು ಇದ್ದಲ್ಲೇ ಇತ್ತು.

ಇದರ ಹಿಂದೊಂದು ತಮಾಷೆ ಇದೆ. ಬೇಸಿಗೆಯಲ್ಲಿ ಗಡಿಯಾರವನ್ನು ಮುಂದಕ್ಕೆ ತಿರುಗಿಸೋಣ ಎಂದು 1895ರಲ್ಲೇ ಹೇಳಿದವನು ನ್ಯೂಜಿಲೆಂಡಿನ ಜಾರ್ಜ್ ಹಡ್ಸನ್. ಹೊಟ್ಟೆಪಾಡಿಗೆ ಅಂಚೆ ಕಚೇರಿಯ ಪಾಳಿ ಕೆಲಸ, ಹುಚ್ಚು ಮಾತ್ರ ಕೀಟ ಹಿಡಿಯುವುದರದ್ದು. ಗಡಿಯಾರ ಎರಡು ಗಂಟೆ ಮುಂದೆ ಹೋದರೆ ಕೆಲಸ ಮುಗಿದ ಮೇಲೂ ಬೆಳಕಿರುತ್ತದೆ, ಹುಳ ಹುಡುಕಬಹುದು ಅನ್ನುವುದು ಅವನ ಆಸೆ. ಮುಂದೆ 1916ರಲ್ಲಿ ಜರ್ಮನಿ ಯುದ್ಧದ ನಡುವೆ ಕಲ್ಲಿದ್ದಲು ಉಳಿಸಲು ಇಂಥದ್ದನ್ನೇ ಜಾರಿಗೆ ತಂದಿತು. ಬಗ್ ಅಂದರೆ ಹುಳ ತಾನೇ? ಸಾಫ್ಟ್‌ವೇರಿನ ದೋಷಕ್ಕೂ ಅದೇ ಹೆಸರು. ಇವತ್ತು ಬಗ್ ಹುಡುಕುವವರ ಹೊತ್ತು ಕೆಡಿಸುತ್ತಿರುವುದು, ಬಗ್ ಹುಡುಕಲು ಹೊತ್ತು ಸಾಲದೆ ಒದ್ದಾಡಿದವನ ಐಡಿಯಾ!

ಅಮೆರಿಕದಲ್ಲಿ ಗಡಿಯಾರ ಬದಲಾಗುವುದು ಮಾರ್ಚ್ ಎರಡನೇ ಭಾನುವಾರ, ಯುರೋಪಿನಲ್ಲಿ ಕೊನೆಯ ಭಾನುವಾರ. ನಡುವಿನ ಎರಡು ಮೂರು ವಾರ ಇಬ್ಬರ ಲೆಕ್ಕ ಬೇರೆ ಬೇರೆ. ಭೂಮಿಯ ದಕ್ಷಿಣದವರದ್ದು ಪೂರ್ತಿ ಉಲ್ಟಾ. ಹಾಗಾಗಿ ಸಮಯವನ್ನು ಯುಟಿಸಿಯಲ್ಲಿ, ಅಂದರೆ ಬೇಸಿಗೆಗೂ ಬದಲಾಗದ ಜಾಗತಿಕ ಸಮಯದಲ್ಲಿ, ಬರೆಯಬೇಕು. ಇಷ್ಟು ಎಲ್ಲರಿಗೂ ಗೊತ್ತು, ಬಿಡಿ.

ನನಗೆ ಸಿಟ್ಟು ಬರುವುದು ಇನ್ನೊಂದು ವಿಷಯಕ್ಕೆ. 'ಯಾವ ಹೊತ್ತು ಜಾಸ್ತಿ ಜನಕ್ಕೆ ಅನುಕೂಲ, ವೋಟ್ ಮಾಡಿ' ಎಂದು ಟೆಸ್ಟ್ ಡೇ ನಡೆಸುವವರು ಅನ್ನುತ್ತಾರಲ್ಲ, ಅದಕ್ಕೆ. ವೋಟ್ ಹಾಕುವವರು ಆಗಲೇ ಒಳಗಿರುವವರು. ಗೆಲ್ಲುವುದು ಅವರದ್ದೇ ಹೊತ್ತು. ಮತ್ತೆ ಬರುವುದೂ ಅವರೇ, ಅವೇ ಲ್ಯಾಪ್‌ಟಾಪ್ ಹಿಡಿದುಕೊಂಡು. ಟೆಸ್ಟಿಂಗ್‌ಗೆ ಬೇಕಾಗಿರುವುದು ತಲೆ ಎಣಿಕೆ ಅಲ್ಲವೇ ಅಲ್ಲ.

ಒಂದು ಬಗ್ ಇದೆ ಅಂದುಕೊಳ್ಳಿ. ಒಂದು ಜಾತಿಯ ವೈಫೈ ಚಿಪ್ ಇರಬೇಕು, ಎರಡನೇ ಮಾನಿಟರ್ ಚುಚ್ಚಿರಬೇಕು, ಲ್ಯಾಪ್‌ಟಾಪ್ ಮುಚ್ಚಿ ತೆರೆಯಬೇಕು. ಆಗ ಮಾತ್ರ ಪರದೆ ಕಪ್ಪಾಗುತ್ತದೆ. ನೂರು ಕಂಪ್ಯೂಟರಿನಲ್ಲಿ ಒಂದಕ್ಕೆ ಹೀಗಾಗುತ್ತದೆ. ಹಾಗಾದರೆ ನೂರು ಜನ ಬಂದರೆ ಸಿಕ್ಕೇ ಸಿಗುತ್ತೆ, ಅಲ್ವಾ? ಇಲ್ಲ. ಆರು ಸಲ ದಾಳ ಎಸೆದರೆ ಒಂದು ಸಲವಾದರೂ ಆರು ಬಿದ್ದೇ ಬೀಳುತ್ತದೆಯೇ? ಅದೇ ಲೆಕ್ಕ ಇದು. ಒಬ್ಬರ ಕಣ್ಣಿಗೆ ಬಗ್ ಬೀಳದಿರುವ ಸಾಧ್ಯತೆ 0.99. ಇಬ್ಬರಿಗೂ ಬೀಳದಿರಬೇಕಾದರೆ 0.99ನ್ನು 0.99ರಿಂದ ಗುಣಿಸಬೇಕು. ಹೀಗೆ ನೂರು ಜನಕ್ಕೆ ಗುಣಿಸುತ್ತಾ ಹೋದರೆ ಕೊನೆಗೆ ಸುಮಾರು 0.37 ಉಳಿಯುತ್ತದೆ. ಅಂದರೆ ನೂರು ಜನ ಕಷ್ಟಪಟ್ಟರೂ ಬಗ್ ತಪ್ಪಿಸಿಕೊಳ್ಳುವ ಸಾಧ್ಯತೆ 37 ಶೇಕಡ! ಸಿಗುವ ಸಾಧ್ಯತೆ 95 ಶೇಕಡ ಆಗಬೇಕಾದರೆ ಸುಮಾರು 300 ಜನ ಬೇಕು.

ಅದೂ 300 ಜನರ ಕಂಪ್ಯೂಟರ್ 300 ಬಗೆಯವಾಗಿದ್ದರೆ. ಎಲ್ಲರದ್ದೂ ಒಂದೇ ಮಾಡೆಲ್ ಆದರೆ, ಒಂದು ದಾಳವನ್ನು ಒಂದೇ ಸಲ ಎಸೆದು 300 ಜನ ಸುತ್ತ ನಿಂತು ನೋಡಿದ ಹಾಗೆ. ಬಲೆಯ ಕಣ್ಣಿಗಿಂತ ಸಣ್ಣ ಮೀನು ಬೇಕಿದ್ದರೆ ಅದೇ ಬಲೆಯನ್ನು ಎಷ್ಟು ಸಲ ಬೀಸಿ ಏನು ಪ್ರಯೋಜನ? ಬೇರೆ ಬಲೆ ಬೇಕು. ಬೇರೆ ಬಲೆ ಇರುವುದು ಬೇರೆ ಕಡೆ. ಬಲದಿಂದ ಎಡಕ್ಕೆ ಅರೇಬಿಕ್ ಓದುವವರ ಹತ್ತಿರ, ಪದಗಳ ನಡುವೆ ಜಾಗ ಬಿಡದ ಥಾಯ್ ಬರೆಯುವವರ ಹತ್ತಿರ, ಒತ್ತಕ್ಷರ ಜಾರಿ ಕೆಳಗಿನ ಸಾಲಿನ ಮೇಲೆ ಕೂತಿದ್ದನ್ನು ತಟ್ಟನೆ ಗುರುತಿಸುವ ನಮ್ಮಂಥವರ ಹತ್ತಿರ. ಒಂದೇ ಗಂಟೆ ಆರಿಸಿದರೆ ಭೂಮಿಯ ಮೇಲೆ ಯಾರೋ ಒಬ್ಬರಿಗೆ ಅದು ನಡುರಾತ್ರಿ. ಕೆಲಸದ ದಿನ ಇಟ್ಟರೆ ಬರುವುದು ಒಂದು ಬಗೆಯ ಯಂತ್ರ. ಭಾನುವಾರ ಇಟ್ಟರೆ ಅಟ್ಟದ ಮೇಲಿನ ಹತ್ತು ವರ್ಷದ ಡೆಸ್ಕ್‌ಟಾಪ್ ಕೂಡ ಕೆಳಗಿಳಿಯುತ್ತದೆ. ನನಗೆ ಎರಡನೆಯದೇ ಇಷ್ಟ.

ಹಾಗಂತ ತಿಂಗಳಿಡೀ ಬಾಗಿಲು ತೆರೆದಿಟ್ಟರೂ ಆಗಲ್ಲ. 'ಪರದೆ ಕಪ್ಪಾಯಿತು' ಎಂದು ಯಾರೋ ಬರೆದಾಗ, ಅವರಿನ್ನೂ ಯಂತ್ರದ ಮುಂದಿರುವಾಗಲೇ 'ಆ ಲಾಗ್ ಕೊಡಿ, ಮಾನಿಟರ್ ತೆಗೆದು ಇನ್ನೊಮ್ಮೆ ನೋಡಿ' ಎಂದು ಕೇಳಲು ಡೆವಲಪರ್ ಒಬ್ಬರು ಎಚ್ಚರವಾಗಿರಬೇಕು. ಮೂರು ದಿನ ಬಿಟ್ಟು ಕೇಳಿದರೆ ಪೆನ್‌ಡ್ರೈವ್‌ನಲ್ಲಿ ಬೇರೇನೋ ತುಂಬಿರುತ್ತದೆ. ಬಾಗಿಲು ಎರಡು ಮೂರು ದಿನ ತೆರೆದಿರಲಿ, ಉತ್ತರ ಕೊಡುವವರು ದಿನಕ್ಕೆರಡು ಸಲ, 12 ಗಂಟೆ ಅಂತರದಲ್ಲಿ ಕೂರಲಿ. ಯುಟಿಸಿ 8ಕ್ಕೆ ಒಮ್ಮೆ, 20ಕ್ಕೆ ಒಮ್ಮೆ. ಮೊದಲನೆಯದು ಟೋಕಿಯೊದಲ್ಲಿ ಸಂಜೆ 5, ಎರಡನೆಯದು ಸಾವೊ ಪೌಲೊದಲ್ಲಿ ಸಂಜೆ 5. ಫೆಡೋರಾ ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಂನವರು ಅದರ ತಿರುಳಾದ ಕರ್ನಲ್‌ನ ಹೊಸ ಆವೃತ್ತಿಯ ಪರೀಕ್ಷೆಗೆ ಒಂದು ದಿನವಲ್ಲ, ವಾರವನ್ನೇ ಮೀಸಲಿಡುತ್ತಾರೆ. ಯಾವ ವಾರ ಅನ್ನುವುದಕ್ಕೆ ಮುಹೂರ್ತ ನೋಡಬೇಕಿಲ್ಲ. ಹೊಸ ಫೀಚರ್ ಸೇರಿಸುವುದು ನಿಂತ ಮೇಲೆ, ಕೊನೆಯ ಫ್ರೀಜ್‌ಗೆ, ಅಂದರೆ ಬಿಡುಗಡೆಗೆಂದು ಬದಲಾವಣೆಗಳಿಗೆ ಬಾಗಿಲು ಹಾಕುವುದಕ್ಕೆ, ಮುಂಚೆ. ಬೇಗ ಇಟ್ಟರೆ ಮುರಿದಿದೆ ಅಂತ ಗೊತ್ತಿರುವುದೇ ಮತ್ತೆ ಮುರಿಯುತ್ತದೆ. ತಡವಾದರೆ ರಿಪೇರಿಗೆ ಹೊತ್ತಿಲ್ಲ.

ಇನ್ನು 'ಶನಿವಾರ ಪೂರ್ತಿ' ಅಂತ ಪ್ರಕಟಿಸಿದರೆ ಎಷ್ಟು ಗಂಟೆ? ಸುಮ್ನೆ ಲೆಕ್ಕ ಹಾಕಿ ನೋಡಿ. ಶನಿವಾರ ಮೊದಲು ಹುಟ್ಟುವುದು ಕಿರಿಬಾಟಿ ದೇಶದ ಲೈನ್ ದ್ವೀಪಗಳಲ್ಲಿ, ಯುಟಿಸಿಗಿಂತ 14 ಗಂಟೆ ಮುಂದೆ. ಕೊನೆಗೆ ಸಾಯುವುದು ಪೆಸಿಫಿಕ್‌ನ ಬೇಕರ್ ದ್ವೀಪದಲ್ಲಿ, 12 ಗಂಟೆ ಹಿಂದೆ. 14, 12, ಜೊತೆಗೆ ದಿನದ 24. ಒಟ್ಟು 50 ಗಂಟೆ ಭೂಮಿಯ ಮೇಲೆ ಎಲ್ಲೋ ಒಂದು ಕಡೆ ಶನಿವಾರ ಇದ್ದೇ ಇರುತ್ತದೆ. ಆದರೆ ಬೇಕರ್ ದ್ವೀಪದಲ್ಲಿ ಯಾರೂ ವಾಸವಿಲ್ಲ. ಜನ ಇರುವ ಕೊನೆಯ ಜಾಗಗಳು ಅಮೆರಿಕನ್ ಸಮೋವಾ ಮತ್ತು ನಿಯುಯೆ. ಅಲ್ಲಿ ಶನಿವಾರ ಒಂದು ಗಂಟೆ ಮುಂಚೆಯೇ ಮುಗಿಯುತ್ತದೆ. ಹಾಗಾಗಿ 49 ಸಾಕು.